ಅಂಗಡಿ ಜಾಗದವರು ಕಟ್ಟಿಸಿದ ಮನೆಗಳು

ನೀವು ಉಣ್ಣುವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವರಿಗೆ ಅದೇ ಊರಿನಲ್ಲಿ ವಾಸಿಸುವ ಹಕ್ಕಿದೆಯೆಂದು ಒಪ್ಪುತ್ತೀರಾ? ಒಪ್ಪುವುದಾದರೆ, ಅವರ ಮನೆಯ ಖರ್ಚನ್ನು ಯಾರು ಹೊರಬೇಕು?

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಪ್ರಶ್ನೆಯನ್ನು ಹೀಗೆ ಎರಡಾಗಿ ಒಡೆದು ಮುಂದಿಡುವುದು ಅಭ್ಯಾಸ. ಈ ಪ್ರಶ್ನೆ ಮಾತ್ರ ನನಗೆ ಎದುರಾದದ್ದು ಶಿಕಾರಿಪುರದ ಒಂದು ಖಾನಾವಳಿಯಲ್ಲಿ, ಊಟದ ನಡುವೆ. ಸೊರಬದಿಂದ ಕೆಲಸದ ಮೇಲೆ ಹೋದಾಗಲೆಲ್ಲ ಅಲ್ಲಿಯೇ ನನ್ನ ಊಟ. ಒಂದು ದಿನ ರೊಟ್ಟಿ ಬಡಿಯುವ ಅಕ್ಕ, "ಸರ್, ಇನ್ನ ನನ್ನ ಕೈ ರೊಟ್ಟಿ ನಿಮಗ ಸಿಗಂಗಿಲ್ಲ" ಎಂದರು. ರಸ್ತೆ ಅಗಲವಾದ ಮೇಲೆ, ಅವರು ಬಾಡಿಗೆಗಿದ್ದ ಕೋಣೆಯನ್ನು ಕೆಡವಿ ಮಳಿಗೆ ಕಟ್ಟುವುದೆಂದು ತೀರ್ಮಾನವಾಗಿತ್ತು. ಊರೊಳಗೆ ಬೇರೆ ಕೋಣೆಗೆ ಕೇಳುತ್ತಿದ್ದ ಬಾಡಿಗೆ ಅವರ ಸಂಬಳವನ್ನೇ ನುಂಗುವಂತಿತ್ತು. ಕುಪ್ಪಗಡ್ಡೆಯ ತಂಗಿಯ ಮನೆಗೆ ಹೋದರೆ ನೆರಳು ಸಿಗುತ್ತಿತ್ತು, ಕೆಲಸ ತಪ್ಪುತ್ತಿತ್ತು. "ಒಲೆ ಹಚ್ಚೋದು ನಸುಕಿನಾಗ. ಅಷ್ಟೊತ್ತಿಗೆ ನನಗ್ಯಾವ ಬಸ್ಸು ಬರತೈತ್ರಿ?" ಎಂದು ಅವರು ನಕ್ಕರು. ನನಗೆ ನಗಲಾಗಲಿಲ್ಲ.

ಸಂತೆ ಮೈದಾನದ ಹಿಂದಿನ ಜಾಗವನ್ನು ಕೊಡಲು ಪುರಸಭೆ ಸಿದ್ಧವಿತ್ತು, ಕಟ್ಟಲು ಹಣವಿರಲಿಲ್ಲ. ಗೆಳೆಯರೊಡನೆ ಸೇರಿ ನಾನೊಂದು ಯೋಜನೆ ಬರೆದೆ. ಮುಖ್ಯರಸ್ತೆಯ ಅಂಗಡಿ ಜಾಗಗಳ ಮಾಲೀಕರು, ರಸ್ತೆಗೆ ತಾಗಿದ ತಮ್ಮ ಜಾಗದ ಅಳತೆಗೆ ತಕ್ಕಂತೆ, ವರ್ಷಕ್ಕೊಮ್ಮೆ ವಂತಿಗೆ ಕೊಡಬೇಕು. ಆ ಹಣದಿಂದ ಕಡಿಮೆ ಬಾಡಿಗೆಯ ಮನೆಗಳು ಏಳಬೇಕು.

ಮಾಲೀಕರೂ ಅವರ ಬಾಡಿಗೆದಾರರೂ ಸಭೆಗೆ ಬಂದರು. ಮೂಲೆ ಜಾಗದಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಮಾಲೀಕರು ಮೊದಲು ಎದ್ದರು. "ಅಲ್ರೀ, ಬಾಡಿಗೆ ಏರ್ಸಿದ್ದು ನಾವಲ್ಲ, ರಸ್ತೆ. ಹೋಗಿ ರಸ್ತೇನ ಕೇಳ್ರಿ."

"ರಸ್ತೆ ಏರಿಸಿದ್ದಾದರೆ, ಆ ಏರಿಕೆ ನಿಮ್ಮ ದುಡಿಮೆಯ ಫಲವಲ್ಲವೆಂದು ನೀವೇ ಒಪ್ಪಿದಂತಾಯಿತು," ಎಂದೆ. ಬಾಡಿಗೆದಾರರು ಚಪ್ಪಾಳೆ ತಟ್ಟಿದರು. ಮಾಲೀಕರೆಲ್ಲ ಟವೆಲ್ಲು ಕೊಡವಿ ಹೊರಡಲು ಎದ್ದು ನಿಂತರು. ಮಾತು ಗೆದ್ದಿತ್ತು, ಮನೆ ಕೈತಪ್ಪುವುದರಲ್ಲಿತ್ತು.

ಆಗ ಬಳ್ಳಿಗಾವಿ ಕಡೆಯ ಹಿರಿಯರೊಬ್ಬರು, ಅದೇ ರಸ್ತೆಯ ಮಳಿಗೆಗಳ ಒಡತಿ, ಕೂತಲ್ಲಿಂದಲೇ ಗದರಿದರು. "ಕೂಡ್ರೋ ಎಲ್ಲಾ. ಮಂಡಕ್ಕಿ ಕಲಸ್ಯಾರ, ತಿಂದಾದ್ರೂ ಹೋಗ್ರಿ." ಎಲ್ಲರೂ ಕೂತರು. ಅವರು ತಮ್ಮೂರಿನವರೇ ಆದ ಕಬ್ಬಿಣದಂಗಡಿಯವರತ್ತ ತಿರುಗಿದರು. "ನಮ್ಮ ಕೆರೆ ಕಾಲುವೆ ಹೂಳು ತೆಗಿಯಾಕ ಆಳು ಯಾರು ಕಳಿಸ್ತಿದ್ರು?"

"ಗದ್ದೆ ಇದ್ದೋರು."

"ಎಷ್ಟು ಆಳು?"

"ನೀರು ಹಾಯೋ ಗದ್ದೆ ಎಷ್ಟೈತೋ ಅದಕ್ಕ ತಕ್ಕಂಗ. ಆದ್ರ ಅಮ್ಮಾ, ಅದು ಗದ್ದೆ. ಇದು ಪ್ಯಾಟೆ."

"ಪ್ಯಾಟೆಗೆ ನೀರು ಅಂದ್ರ ಆ ರಸ್ತೆ ಅಲ್ಲೇನೋ? ಎಲ್ಲಾರೂ ಕೂಡಿ ಮಾಡಿದ ರಸ್ತೆ."

ಹಿಂದಿನಿಂದ ಬಟ್ಟೆಯಂಗಡಿಯ ಬಾಡಿಗೆದಾರರೊಬ್ಬರು ಕೂಗಿದರು: "ಕಡೀಗೆ ನಮ್ಮ ಬಾಡಿಗೆಗೇ ಸೇರ್ಸ್ತೀರಿ ಬಿಡ್ರಿ!"

"ಆ ಆಳಿನ ಖರ್ಚು ಗೇಣಿ ಮಾಡೋನ ತಲೆ ಮ್ಯಾಲೆ ಹಾಕಿದ್ರ ಊರು ನಮ್ಮನ್ನ ಸುಮ್ನ ಬಿಡ್ತಿತ್ತೇನು? ಅದನ್ನೂ ಬರಿಯೋ ತಮ್ಮಾ," ಎಂದು ಆ ತಾಯಿ ನನಗೆ ಹೇಳಿದರು. ವಂತಿಗೆಯನ್ನು ಬಾಡಿಗೆದಾರರ ಮೇಲೆ ಹೊರಿಸಬಾರದೆಂಬ ಷರತ್ತು ನನ್ನ ಯೋಜನೆಯಲ್ಲಿ ಇರಲಿಲ್ಲ. ಆ ಕ್ಷಣದಲ್ಲಿ ಸೇರಿತು.

ಕಬ್ಬಿಣದಂಗಡಿಯವರು ಇನ್ನೂ ಜಗ್ಗಾಡಿದರು. "ನಂದು ಮೂಲೆ ಜಾಗ. ಎರಡೂ ಕಡೆ ಅಳೀತೀರೇನು?"

"ಎರಡೂ ಕಡೆ ನೀರು ಹಾಯಿಸ್ಕೊಂಡೋನು ನೀನೇ ಅಲ್ಲೇನೋ?"

ಸಭೆ ಗೊಳ್ಳೆಂದಿತು. ಅವರೂ ನಕ್ಕರು. ಎರಡೂ ಬದಿಯ ವಂತಿಗೆಯನ್ನು ಮೊದಲು ಕೊಟ್ಟವರು ಅವರೇ. ಮನೆಗಳ ಕಬ್ಬಿಣವನ್ನು ಲಾಭವಿಲ್ಲದೆ ಕೊಟ್ಟವರೂ ಅವರೇ. ಎದುರಾಳಿಗೆ ಕೃತಜ್ಞನಾಗಿರುವುದನ್ನು ಯಾವ ಸ್ಪರ್ಧೆಯೂ ನನಗೆ ಕಲಿಸಿರಲಿಲ್ಲ. ಅವರ ಆಕ್ಷೇಪವಿಲ್ಲದಿದ್ದರೆ ಆ ತಾಯಿ ಬಾಯಿ ತೆರೆಯುತ್ತಿರಲಿಲ್ಲ, ನನ್ನ ಯೋಜನೆ ಒಳ್ಳೆಯ ಭಾಷಣವಾಗಿಯೇ ಉಳಿಯುತ್ತಿತ್ತು.

ಅಕ್ಕನ ಕೋಣೆ ಕೆಡವುವುದನ್ನು ಅದರ ಮಾಲೀಕರು ಹೊಸ ಮನೆಗಳು ಮುಗಿಯುವ ತನಕ ತಡೆದರು. ರೊಟ್ಟಿಯ ಅಕ್ಕ ಹೊಸ ಸಾಲಿನ ಒಂದು ಮನೆಗೆ ಬಂದರು. ಹಾಲು ಉಕ್ಕಿಸಿದ ದಿನ ಅವರು ನನಗೆ ಚಹ ಕೊಟ್ಟು, "ಧರ್ಮಕ್ಕಲ್ಲ ಸರ್, ತಿಂಗಳಾ ಬಾಡಿಗೆ ಕೊಡ್ತೀನಿ," ಎಂದು ಬಂದವರೆಲ್ಲರಿಗೂ ಕೇಳುವಂತೆ ಹೇಳಿದರು. ಆ ದನಿಯ ಗತ್ತನ್ನು ನೆನೆದಾಗಲೆಲ್ಲ ಆ ರಸ್ತೆಯ ಪ್ರತಿಯೊಬ್ಬ ಮಾಲೀಕರಿಗೂ ಮನಸ್ಸು ಕೈಮುಗಿಯುತ್ತದೆ.

ಆದರೆ ಆ ಸಾಲು ಚಿಕ್ಕದು. ಅದೇ ಒಲೆಯ ಮುಂದೆ ಅವರ ಜೊತೆ ಕೂರುತ್ತಿದ್ದ ಇನ್ನೊಬ್ಬಾಕೆಗೆ ಮನೆ ಸಿಗಲಿಲ್ಲ. ಆಕೆ ತನ್ನೂರು ಹೊಸಬಾಳೆಗೆ ಹಿಂದಿರುಗಿ, ಈಗ ನಮ್ಮ ಸೊರಬದಲ್ಲಿ ಕೆಲಸವನ್ನೂ ಕೋಣೆಯನ್ನೂ ಹುಡುಕುತ್ತಿದ್ದಾರೆ. ಸೊರಬದ ರಸ್ತೆಯೂ ಅಗಲವಾಗುತ್ತಿದೆ, ಬಾಡಿಗೆಯೂ ಏರುತ್ತಿದೆ. ಇಲ್ಲಿಯೂ ಮಾಲೀಕರ ಸಭೆ ಕರೆಯುತ್ತಿದ್ದೇವೆ. ನಿಮಗೆ ಅಂಗಡಿ ಜಾಗವಿದ್ದರೆ ದಯವಿಟ್ಟು ಬನ್ನಿ, ನಿಮ್ಮ ಜಾಗವನ್ನು ಅಳೆಯಲು ಒಪ್ಪಿಗೆ ಕೊಡಿ. ನೀವು ಬಾಡಿಗೆದಾರರಾಗಿದ್ದರೆ ನಿಮ್ಮ ಮಾಲೀಕರನ್ನು ಜೊತೆಗೆ ಕರೆತನ್ನಿ.