ಪೀಪಾಯಿಯೊಳಗಿನ ಹಲಗೆ

ನನ್ನ ಗಂಡ ಉಸಾಕು ತೀರಿಕೊಂಡು ಇವತ್ತಿಗೆ ನಲವತ್ತೊಂಬತ್ತು ದಿನ. ಭಿಕ್ಷುಗಳು ಬಂದು ಮಂತ್ರ ಓದಿ ಹೋದರು. ವಠಾರದವರು, ಅವರ ಬಗ್ಗೆ ನಾಲ್ಕು ಮಾತು ಹೇಳಮ್ಮ ಎಂದರು. ಒಳ್ಳೆಯವರಿದ್ದರು ಎಂದೆ. ಉಳಿದದ್ದನ್ನು ಅಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಅವರು ಪುಸ್ತಕದ ಹಲಗೆ ಕೆತ್ತುವವರು. ಎದೊ ಪಟ್ಟಣದಲ್ಲಿ ಆ ಕೆಲಸದವರು ಬಹಳ ಮಂದಿ ಇದ್ದರು. ಆದರೆ ಕೂದಲೆಳೆಯಷ್ಟು ಗೆರೆ ಉಳಿಸಬೇಕೆಂದರೆ ಪುಸ್ತಕದಂಗಡಿಯವರು ನಮ್ಮ ಬಾಗಿಲಿಗೇ ಬರುತ್ತಿದ್ದರು. ಎಂಟುನೂರು ವರ್ಷದ ಹಿಂದೆ ಅರಮನೆಯ ಹೆಂಗಸೊಬ್ಬಳು ಪರದೆಯ ಹಿಂದೆ ಕೂತು ಬರೆದ ಕಥೆಯನ್ನು ಅವರು ಕೆತ್ತಿದ್ದಾರೆ. ಕುರುಡರು ತಂತಿ ಮೀಟಿ ಹಾಡುತ್ತಿದ್ದ ಯುದ್ಧದ ಕಥೆ, ಊರು ಬಿಟ್ಟು ಗುಡಿಸಲಲ್ಲಿ ಕೂತ ಸನ್ಯಾಸಿಯ ಮಾತು, ನಡೆದೇ ದೇಶ ಸುತ್ತಿದ ಕವಿಯ ಸಾಲು, ಎಲ್ಲವೂ ಅವರ ಉಳಿಯ ಕೆಳಗೆ ಹೋಗಿವೆ. ಇವರಲ್ಲಿ ನಿಮಗೆ ಯಾರು ಇಷ್ಟ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ.

"ಅರಮನೆ ಅಮ್ಮ. ಗೆರೆ ಹೊಳೆ ಥರ ಎಳ್ಕೊಂಡು ಹೋಗುತ್ತೆ. ಸನ್ಯಾಸಿದು ಬರೀ ಮೊಂಡು, ಉಳಿ ಹಾಳು."

"ಓದಿದೀರಾ ಅವನ್ನೆಲ್ಲ?"

"ಓದಕ್ಕೆ ಪುರುಸೊತ್ತೆಲ್ಲಿದೆ? ಕೆತ್ತಿದೀನಿ."

ಅಕ್ಷರದ ಅಂಚನ್ನು ಅವರು ಕೊಯ್ಯುತ್ತಿದ್ದರು. ಅಕ್ಷರವಿಲ್ಲದ ಕಡೆಯ ಮರವನ್ನು ನಾನು ಕೆತ್ತಿ ತೆಗೆಯುತ್ತಿದ್ದೆ. ಹೀಗೆ ಹದಿನಾರು ವರ್ಷ ಎದುರೆದುರು ಕೂತು ಬದುಕಿದೆವು.

ಆಮೇಲೆ ಕಟ್ಟಳೆಗಳು ಬಂದ ವರ್ಷ ಬಂತು. ರೇಷ್ಮೆ ಉಡಬಾರದು, ತಲೆಗೆ ಬೆಳ್ಳಿ ಮುಡಿಯಬಾರದು, ನಾಟಕದ ಮನೆಗಳು ಊರಾಚೆ ಹೋಗಬೇಕು. ಕೊನೆಗೆ ಪುಸ್ತಕಗಳ ಸರದಿ. ಆಗ ನಮ್ಮ ಮನೆಯಲ್ಲಿ ಇನುಯಿ ಎಂಬವರ ಪುಸ್ತಕದ ಕೆಲಸ ನಡೆದಿತ್ತು. ಇನುಯಿ ಬಡ ಸಮುರಾಯ್, ಮುದಿ ತಾಯಿಯೊಂದಿಗೆ ಇದ್ದವರು. ಅವರು ಬರೆದದ್ದು ಹಿಂದಿನ ಕಾಲದ ಒಬ್ಬ ಪ್ರಭುವಿನ ಮನೆಯ ಕಥೆ. ಹೆಸರು ಹಳೆಯದು, ವೇಷ ಹಳೆಯದು. ಆದರೆ ಓದಿದವರಿಗೆಲ್ಲ ಇದು ಈಗ ಆಳುವವರ ಕೋಟೆಯೊಳಗಿನ ಮಾತು ಎಂದು ಗೊತ್ತಾಗುತ್ತಿತ್ತಂತೆ.

ಪುಸ್ತಕ ಮಾರಾಟಕ್ಕೆ ಬರುವ ಮೊದಲೇ ಅಂಗಡಿಗೆ ಬೀಗ ಬಿತ್ತು. ಅಚ್ಚಾದ ಹಾಳೆಗಳನ್ನು ಅಂಗಡಿಯ ಮುಂದೆಯೇ ಸುಟ್ಟರು. ಹಲಗೆಗಳನ್ನು ಸೀಳಿಸಿದರು. ಇನುಯಿ ಅವರಿಗೆ ಮನೆಯಿಂದ ಹೊರಗೆ ಕಾಲಿಡಬಾರದೆಂದು ಆಜ್ಞೆಯಾಯಿತು. ಮೊದಲೇ ಕೆಮ್ಮಿನವರು, ಹಾಸಿಗೆ ಹಿಡಿದರು. ಮನೆಯಲ್ಲಿದ್ದ ಕರಡನ್ನು ತಾಯಿಯೇ ಹೆದರಿ ಒಲೆಗೆ ಹಾಕಿದರು.

ಹಲಗೆಗಳ ಪಟ್ಟಿಯಲ್ಲಿ ಒಂದು ಕಡಿಮೆ ಬಂತು. ಅದು ನಮ್ಮ ಮನೆಯಲ್ಲಿತ್ತು.

ಕೊನೆಯ ಹಲಗೆ ಅದು. ಇನುಯಿ ಅವರು ಎರಡು ಮಾತು ಬದಲಿಸಬೇಕು ಎಂದದ್ದಕ್ಕೆ ಅಂಗಡಿಯವರು ವಾಪಸ್ ಕಳಿಸಿದ್ದರು. ಬೇಡದ ಅಕ್ಷರವನ್ನು ಕಡಿದು, ಅಲ್ಲಿ ಸಣ್ಣ ಮರದ ತುಂಡು ಕೂರಿಸಿ, ಅದರ ಮೇಲೆ ಹೊಸದನ್ನು ಕೆತ್ತುವ ಕೆಲಸ. ಬರೆದವರ ಕೈಬರಹದ ತೆಳು ಕಾಗದವನ್ನು ನಾವು ಹಲಗೆಗೆ ಬೋರಲು ಅಂಟಿಸಿ, ಅದರ ಮೇಲೆಯೇ ಕೊಯ್ಯುತ್ತೇವೆ. ಕೆಲಸ ಮುಗಿಯುವಾಗ ಕಾಗದ ಇರುವುದಿಲ್ಲ. ಹಾಗಾಗಿ ಆ ಕಥೆಯ ಕೊನೆ ಈಗ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ, ಆ ಒಂದು ಚೆರಿ ಮರದ ಹಲಗೆಯ ಮೇಲೆ ಮಾತ್ರ.

ಲೆಕ್ಕ ಕಡಿಮೆ ಬಂದ ಮೂರನೆಯ ದಿನ ಬೆಳಿಗ್ಗೆ ವಠಾರದ ಯಜಮಾನ ಚೋಯೆಮೊನ್ ಬಂದರು. ಬಾಗಿಲಲ್ಲೇ ನಿಂತರು.

"ಉಸಾಕು, ಇದ್ರೆ ಈಗ್ಲೇ ಹೇಳ್ಬಿಡಪ್ಪ. ಒಬ್ಬ ತಪ್ಪು ಮಾಡಿದ್ರೆ ಸುತ್ತಲ ಐದು ಮನೆಯವ್ರನ್ನೂ ಕಟ್ಟಾಕ್ತಾರೆ. ಈ ವಯಸ್ಸಲ್ಲಿ ನನ್ ಕೈಗೆ ಕೋಳ ಬಿದ್ರೆ ಮೂಗು ಒರೆಸ್ಕೊಳಕ್ಕೂ ಆಗಲ್ಲ."

"ಇಲ್ಲ ಯಜಮಾನ್ರೆ."

"ನೀನು ಹೇಳಮ್ಮ ಮಿನೊ. ಇವನು ಮರದ ಮುಂಡ. ನಿನ್ ಮುಖ ನೋಡಿದ್ರೆ ಗೊತ್ತಾಗುತ್ತೆ."

"ಇಲ್ಲ ಯಜಮಾನ್ರೆ" ಎಂದು ನಾನೂ ಹೇಳಿದೆ. ಅವರು ನನ್ನ ಮುಖವನ್ನು ನೋಡಿದರು. ಹಾಗೇ ಹೊರಟುಹೋದರು.

ಹಲಗೆ ಅಡುಗೆಮನೆಯಲ್ಲಿತ್ತು. ಉಪ್ಪು ಬೆರೆಸಿದ ತೌಡಿನಲ್ಲಿ ತರಕಾರಿ ಹುದುಗಿಸಿ ಹುಳಿ ಬರಿಸುವ ಪೀಪಾಯಿಯೊಳಗೆ, ಎಣ್ಣೆಕಾಗದ ಸುತ್ತಿ, ಕಲ್ಲಿನ ಅಡಿಯಲ್ಲಿ ತರಕಾರಿ ಅದುಮುವ ಒತ್ತುಹಲಗೆಯ ಹಾಗೆ ಇಟ್ಟಿದ್ದೆ. ಅಲ್ಲಿಡೋಣ ಎಂದವಳು ನಾನೇ. ಅವರು ಬೇಡ ಎಂದಿದ್ದರು. ಉಪ್ಪು ಮರಕ್ಕೆ ಆಗದು ಎನ್ನುವುದೊಂದೇ ಅವರ ಚಿಂತೆ. ನನಗೆ ಚಿಂತೆ ಅವರ ಕೈಗಳದ್ದು.

ಯಾಕೆಂದರೆ ಗೊಹೇಯಿಯನ್ನು ನಾನು ನೋಡಿ ಬಂದಿದ್ದೆ. ಗೊಹೇಯಿ ಅದೇ ಪುಸ್ತಕದ ಹಾಳೆ ಒತ್ತಿದವನು, ಹಿಂದಿನ ಓಣಿಯವನು. ಎರಡೂ ಕೈಗೆ ಕಬ್ಬಿಣದ ಕೋಳ ಹಾಕಿ, ಮೇಲೆ ಕಾಗದದ ಮುದ್ರೆ ಅಂಟಿಸಿ ಮನೆಗೆ ಕಳಿಸಿದ್ದರು. ಐವತ್ತು ದಿನ. ಐದು ದಿನಕ್ಕೊಮ್ಮೆ ಬಂದು ಮುದ್ರೆ ಹರಿದಿದೆಯೇ ಎಂದು ನೋಡುತ್ತಾರೆ. ಬೆರಳುಗಳು ಊದಿ ಮೂಲಂಗಿಯ ಹಾಗಿದ್ದವು. ಹೆಂಡತಿ ಗಂಜಿ ಕುಡಿಸುತ್ತಿದ್ದಳು. "ಬಾ ಮಿನೊ, ಮಗು ಆಗ್ಬಿಟ್ಟಿದೀನಿ ನೋಡು" ಎಂದು ಅವನು ನಕ್ಕ. 

ಮಧ್ಯಾಹ್ನ ಅಧಿಕಾರಿ ಬಂದರು, ಜೊತೆಗೆ ಅವರ ಬೇಹಿನ ಆಳು ತೊರಾಜಿ. ಕೆತ್ತುವವನ ಮನೆಯೆಂದರೆ ಹಲಗೆಯ ರಾಶಿ. ತೊರಾಜಿ ಒಂದೊಂದನ್ನೂ ಬೆಳಕಿಗೆ ಹಿಡಿದ. ಹಲಗೆಯ ಮೇಲಿನ ಅಕ್ಷರ ತಿರುಗುಮುರುಗು ಇರುತ್ತದೆ.

"ಏನಮ್ಮ, ಕನ್ನಡಿ ಇದ್ಯಾ? ನಿನ್ ಗಂಡ ಎಲ್ಲಾನೂ ಎಡಗೈಲಿ ಬರ್ದಂಗಿದೆ."

ನನ್ನ ಕನ್ನಡಿ ಕೊಟ್ಟೆ. ಹಲಗೆಯ ಎದುರು ಅದನ್ನು ಹಿಡಿದು ತುಟಿ ಅಲ್ಲಾಡಿಸುತ್ತ ಓದಿದ. ನನ್ನ ಗಂಡ ಗೋಡೆಗೆ ಒರಗಿ ಕೂತಿದ್ದರು. ಕೈಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದರು.

ಹಲಗೆಗಳು ಮುಗಿದವು. ತೊರಾಜಿ ಅಡುಗೆಮನೆಗೆ ಬಂದು ಮೂಗು ಅರಳಿಸಿದ.

"ಹುಳಿ ಚೆನ್ನಾಗಿ ಎದ್ದಿದೆ. ಒಂದು ತುತ್ತು ಅನ್ನಕ್ಕೆ ಬಿಸಿ ಟೀ ಸುರಿದು ಕೊಡಮ್ಮ, ನಂಚ್ಕೊಳಕ್ಕೆ ಎರಡು ಹೋಳು."

ಕೈಯನ್ನು ಪೀಪಾಯಿಯ ಬದಿಯಿಂದ ಒಳಗೆ ಇಳಿಸಿದೆ. ಬೆರಳಿಗೆ ಎಣ್ಣೆಕಾಗದ ಹರಿದದ್ದು ತಾಗಿತು. ಮೂಲಂಗಿ ಎಳೆದೆ. ಅದರ ಒಂದು ಮಗ್ಗುಲು ಕಪ್ಪಾಗಿತ್ತು. ಒಮ್ಮೆ ಪರೀಕ್ಷೆಗೆ ಅಚ್ಚೊತ್ತಿದ ಹಲಗೆ ಅದು, ಮಸಿ ಬಿಟ್ಟಿತ್ತು. ವಾಪಸ್ ಹಾಕುವ ಹಾಗಿಲ್ಲ, ಅವನು ನೋಡುತ್ತಿದ್ದ.

"ಇದ್ಯಾಕೆ ಕಪ್ಪಗಿದೆ?"

"ಬದನೆಕಾಯಿ ಬಣ್ಣ ನಿಲ್ಲಲಿ ಅಂತ ತುಕ್ಕು ಮೊಳೆ ಹಾಕಿದೀನಿ. ಎಲ್ಲಕ್ಕೂ ಹತ್ಕೊಂಡಿದೆ."

"ನಮ್ಮಮ್ಮನೂ ಹಾಕ್ತಿದ್ಲು. ಜಾಸ್ತಿ ಹಾಕಿದೀಯ ನೀನು" ಎಂದ. ತಿಂದ. ಇನ್ನೊಂದು ಹೋಳು ಕೇಳಿದ. ನಾನು ಕೊಯ್ಯುವಾಗ ಬೆರಳು ಕೊಯ್ದುಕೊಂಡದ್ದು ಆಮೇಲೆ ಗೊತ್ತಾಯಿತು.

ಹೋಗುವಾಗ ಅಧಿಕಾರಿ ನನ್ನ ಗಂಡನಿಗೆ, "ಚಾವಡಿಗೆ ಬಾ, ಹೇಳಿಕೆ ಕೊಡು" ಎಂದರು. ತೊರಾಜಿ ನನ್ನ ಕಡೆ ತಿರುಗಿದ.

"ಊಟಕ್ಕೆ ಉಪಕಾರ ಆಯ್ತಮ್ಮ. ನಾಳೆ ನೆಲ ಕಿತ್ತು ನೋಡ್ತೀವಿ, ಬೇಜಾರು ಮಾಡ್ಕೋಬೇಡ."

ಅವರು ಮೂವರೂ ಓಣಿ ದಾಟಿದರು. ನನ್ನ ಗಂಡ ಹಿಂದೆ ತಿರುಗಿ ನೋಡಲಿಲ್ಲ. ನಾನು ಬಾಗಿಲಿಗೆ ಕೋಲು ಕೊಟ್ಟೆ. ಹಲಗೆಯನ್ನು ಹೊರಗೆ ತೆಗೆದೆ, ತೌಡು ತೊಳೆದೆ, ಒರೆಸಿದೆ. ಒಲೆಗೆ ಹಾಕಿದರೆ ಹಸಿ ಮರದ ಹೊಗೆ ಇಡೀ ವಠಾರಕ್ಕೆ ಗೊತ್ತಾಗುತ್ತದೆ. ಅವರ ಉಜ್ಜುಗೊರಡು ಕೈಗೆ ತೆಗೆದುಕೊಂಡೆ. ಅದನ್ನು ಅವರು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ಮೊದಲ ಎಳೆತಕ್ಕೇ ಅಕ್ಷರಗಳು ಎದ್ದು ಬಂದವು. ಸಣ್ಣ ಸಣ್ಣ ತುಣುಕುಗಳು, ಹುರಿದ ಎಳ್ಳಿನ ಹಾಗೆ. ಅವುಗಳ ಸುತ್ತಲಿನ ಮರವನ್ನು ತೆಗೆದು ಅವನ್ನು ನಿಲ್ಲಿಸಿದವಳು ನಾನೇ. ನಿಲ್ಲಿಸಲು ಹನ್ನೆರಡು ದಿನ ಹಿಡಿದಿತ್ತು. ಓಣಿಯಲ್ಲಿ ಮರದ ಚಪ್ಪಲಿಯ ಸದ್ದಾದಾಗಲೆಲ್ಲ ಕೈ ನಿಲ್ಲಿಸುತ್ತಿದ್ದೆ. ಸದ್ದು ದಾಟಿದ ಮೇಲೆ ಮತ್ತೆ ಎಳೆಯುತ್ತಿದ್ದೆ. ಗೊಹೇಯಿಯ ಬೆರಳುಗಳನ್ನು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದರು. ನನ್ನ ಗಂಡ. ಮೊದಲು ಮಣಿಕಟ್ಟು ನೋಡಿದೆ. ಬರಿದಾಗಿತ್ತು.

"ಮುಗೀತು ಕಣೇ" ಎಂದರು. ಎಷ್ಟೋ ದಿನದ ಮೇಲೆ ಅವರ ಮುಖ ಸಡಿಲವಾಗಿತ್ತು. "ತುಂಡು ಕೂರಿಸೋವಾಗ ಹಲಗೆ ಸೀಳ್ಕೊಳ್ತು, ಒಲೆಗೆ ಹಾಕ್ದೆ ಅಂದೆ. ನಂಬಿದ್ರು. ಇನ್ನು ಬರಲ್ಲ ಅಂದ್ರು. ಇನುಯಿ ಅವ್ರ ತಾಯಿಗೆ ಹೇಳಿ ಕಳಿಸ್ಬೇಕು, ಕೊನೆ ಭಾಗ ಒಂದಾದ್ರೂ ಉಳೀತು ಅಂತ."

ನಾನು ಪಕ್ಕಕ್ಕೆ ಸರಿದೆ. ಅವರು ನೆಲ ನೋಡಿದರು, ಉಜ್ಜುಗೊರಡು ನೋಡಿದರು, ಹಲಗೆ ನೋಡಿದರು. ಮಂಡಿಯೂರಿ ಕೂತು ಅಂಗೈಯನ್ನು ಅದರ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದರು. ಬೈಯುತ್ತಾರೆ ಎಂದುಕೊಂಡೆ. ಹೊಡೆದರೆ ಹೊಡೆಯಲಿ ಎಂದುಕೊಂಡೆ.

"ಚೆನ್ನಾಗೇ ಎಳ್ದಿದೀಯ. ಎಡಗಡೆ ಅಂಚು ಸ್ವಲ್ಪ ಎದ್ದಿದೆ."

ಅಲ್ಲಿ ಒಂದು ಸಾಲು ಇನ್ನೂ ಉಳಿದಿತ್ತು.

"ರೀ, ಅದನ್ನ ಬಿಡೋಣ್ವಾ?"

"ಕೊಡಿಲ್ಲಿ" ಎಂದು ಉಜ್ಜುಗೊರಡು ತೆಗೆದುಕೊಂಡರು. ಒಂದೇ ಎಳೆತ. ಅಂಚು ಸಮವಾಯಿತು.

ಮರುದಿನ ಬೆಳಿಗ್ಗೆ ಅಧಿಕಾರಿಯೂ ತೊರಾಜಿಯೂ ಬಂದೇ ಬಂದರು. ಬರುವುದಿಲ್ಲ ಎಂದು ಹೇಳಿದ್ದವರು ಐದು ಆಳುಗಳೊಂದಿಗೆ ಬಂದರು. ನೆಲ ಕಿತ್ತರು, ಚಾಪೆ ಸೀಳಿದರು, ಪೀಪಾಯಿಯನ್ನು ಅಂಗಳದಲ್ಲಿ ಬೋರಲು ಹಾಕಿದರು. ರಾತ್ರಿ ನಾನು ಮತ್ತೆ ಒಳಗಿಟ್ಟಿದ್ದ ಬೋಳು ಹಲಗೆ ತೌಡಿನ ನಡುವೆ ಬಿತ್ತು. ತೊರಾಜಿ ಅದನ್ನು ಎರಡೂ ಕಡೆ ತಿರುಗಿಸಿದ, ಕನ್ನಡಿ ಹಿಡಿದ. ಬಹಳ ಹೊತ್ತು ಹಿಡಿದಿದ್ದ. ಪಕ್ಕದಲ್ಲಿ ನಿಂತಿದ್ದ ಚೋಯೆಮೊನ್ ಅವರ ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು.

"ಚೆರಿ ಮರ. ಒತ್ತುಹಲಗೆಗೆ ಇಷ್ಟು ಒಳ್ಳೇ ಮರ ಯಾಕಮ್ಮ?"

"ಮೂಲೇಲಿ ಬಿರುಕಿದೆ ಸ್ವಾಮಿ. ಕೆತ್ತಕ್ಕೆ ಬರಲ್ಲ" ಎಂದರು ನನ್ನ ಗಂಡ.

ತೊರಾಜಿ ಹಲಗೆಯನ್ನು ನನ್ನ ಕಾಲ ಬುಡದಲ್ಲಿ ಎಸೆದು ಹೋದ.

ಇನುಯಿ ಅವರು ಆ ಚಳಿಗಾಲ ದಾಟಲಿಲ್ಲ. ಅವರ ತಾಯಿ ಒಂದು ದಿನ ಕೋಲೂರಿಕೊಂಡು ಬಂದರು. "ಒಂದು ಹಲಗೆ ನಿಮ್ಮಲ್ಲಿತ್ತಂತಲ್ಲ ತಾಯಿ" ಎಂದರು. ಅಧಿಕಾರಿಗಳು ಒಯ್ದರು ಎಂದು ಸುಳ್ಳು ಹೇಳಿದೆ. ಆಕೆ ತಲೆಬಾಗಿಸಿ ನಮಸ್ಕಾರ ಮಾಡಿದರು, ನಿಮಗೂ ಎಷ್ಟು ಕಷ್ಟ ಆಯಿತಲ್ಲ ಎಂದರು. ನನ್ನ ಗಂಡ ಒಳಗೆ ಕೂತು ಕೇಳಿಸಿಕೊಳ್ಳುತ್ತಿದ್ದರು.

ಆ ಪುಸ್ತಕದ ಕೊನೆಯಲ್ಲಿ ಏನಿತ್ತು ಎಂದು ಅವರನ್ನು ನಾನು ಕೇಳಲಿಲ್ಲ. ಓದದಿದ್ದರೂ ಒಂದೊಂದು ಅಕ್ಷರ ಕೆತ್ತಿದವರಿಗೆ ಗೊತ್ತಿರುತ್ತಿತ್ತು. ಕೇಳಲು ಭಯ. ಅಧಿಕಾರಿಗಳ ಭಯವಲ್ಲ.

ಅದಾದ ಮೇಲೆ ಅವರು ಅಕ್ಷರ ಕೆತ್ತಲಿಲ್ಲ. ಮಿಠಾಯಿ ಅಂಗಡಿಯವರಿಗೆ ಮರದ ಅಚ್ಚು ಮಾಡಿಕೊಟ್ಟರು. ಮೀನಿನ ಅಚ್ಚು, ಹೂವಿನ ಅಚ್ಚು, ಆಮೆಯ ಅಚ್ಚು. ಹನ್ನೊಂದು ವರ್ಷ ಅದೇ ಕೆಲಸ. ಆ ಬೋಳು ಹಲಗೆ ಗೋಡೆಗೆ ಒರಗಿಕೊಂಡೇ ಇತ್ತು. ಮರ ಒಳ್ಳೆಯದು, ಅದರಲ್ಲೊಂದು ಅಚ್ಚು ಮಾಡಿ ಎಂದು ಒಮ್ಮೆ ಹೇಳಿದೆ. ಅವರು ಬೇರೊಂದು ಮರದ ತುಂಡು ಎಳೆದುಕೊಂಡರು.

ಗೊಹೇಯಿಯ ಕೋಳ ಐವತ್ತನೇ ದಿನ ಬಿಚ್ಚಿದರು. ಮುಂದಿನ ವಸಂತಕ್ಕೆ ಅವನು ಮತ್ತೆ ಹಾಳೆ ಒತ್ತತೊಡಗಿದ. ಈಗಲೂ ಒತ್ತುತ್ತಾನೆ. ಇವರ ಶವ ಹೊರಲು ಹೆಗಲು ಕೊಟ್ಟವನು ಅವನೇ.

ಹೆಣಕ್ಕೆ ಸ್ನಾನ ಮಾಡಿಸುವಾಗ ನನ್ನ ಗಂಡನ ಕೈಗಳನ್ನು ನಾನೇ ತೊಳೆದೆ. ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದೆ. ಒಂದು ಗೀರೂ ಇರಲಿಲ್ಲ.