ದೊಡ್ಡಯ್ಯನ ಕೊಪ್ಪೆ

ದೇವರಮನೆ ಬೆಟ್ಟಕ್ಕೆ ಹೋಗುವ ಕಾರುಗಳೆಲ್ಲ ಈಗ ನಮ್ಮೂರಿನ ಗುಡ್ಡದ ಕಡೆಗೂ ತಿರುಗುತ್ತವೆ. ಮಂಜು ನೋಡಬೇಕಂತೆ. ಅಲ್ಲಿದ್ದದ್ದೂ ಅದೇ ಮಂಜು, ಇಲ್ಲಿರುವುದೂ ಅದೇ ಮಂಜು. ಆದರೂ ಬರುತ್ತಾರೆ, ಚಿಪ್ಸ್ ತಿನ್ನುತ್ತಾರೆ, ಹಾಡು ಹಾಕಿಕೊಂಡು ಕುಣಿಯುತ್ತಾರೆ, ಪ್ಯಾಕೆಟ್ಟು ನಮಗೆ ಬಿಟ್ಟು ಹೋಗುತ್ತಾರೆ. ಗುಡ್ಡ ಹತ್ತುವ ದಾರಿಯ ಬುಡದಲ್ಲೇ ಕೃಷ್ಣಮ್ಮನವರ ಮನೆ. ಸಣ್ಣ ಕಾಫಿ ತೋಟ, ಕೊಟ್ಟಿಗೆ ತುಂಬ ದನ. ಮೊದಲೆಲ್ಲ ಯಾರು ಕಾರು ನಿಲ್ಲಿಸಿ ದಾರಿ ಕೇಳಿದರೂ ಅವರದು ಒಂದೇ ಮಾತು.

"ಗುಡ್ಡ ಎಲ್ಲಿಗೂ ಓಡ್ಹೋಗಲ್ಲ. ಮೊದ್ಲು ನಮ್ ದೊಡ್ಡಯ್ಯನ್ನ ನೋಡಿ, ಆಮೇಲೆ ಹತ್ತಿ."

ದೊಡ್ಡಯ್ಯ ಎಂದರೆ ಗುಡ್ಡದ ಅರ್ಧ ದಾರಿಯಲ್ಲಿರುವ ವೀರಗಲ್ಲು. ಎದೆಮಟ್ಟದ ಕಲ್ಲು. ಕೆಳಗಿನ ಸಾಲಿನಲ್ಲಿ ಒಬ್ಬ ಬಿಲ್ಲು ಹಿಡಿದು ನಿಂತಿದ್ದಾನೆ, ಅವನ ಬೆನ್ನ ಹಿಂದೆ ದನಗಳು. ಅದರ ಮೇಲೆ ಅಪ್ಸರೆಯರು ಅವನನ್ನು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಿದ್ದಾರೆ. ತುದಿಯಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಒಂದಕ್ಷರ ಬರಹವಿಲ್ಲ, ಹೆಸರು ಯಾರಿಗೂ ಗೊತ್ತಿಲ್ಲ. ಕೃಷ್ಣಮ್ಮನವರ ಮನೆಯವರಿಗೆ ಅವನು ತಮ್ಮ ಮನೆತನದ ಹಿರಿಯ, ಅಷ್ಟೇ.

ದನ ಹೊಡೆದುಕೊಂಡು ಹೋಗಲು ಕಳ್ಳರು ಬಂದ ದಿನ ಜಡಿಮಳೆಯಂತೆ. ಕೂಗು ಕೇಳಿದ್ದೇ ತಡ ದೊಡ್ಡಯ್ಯ ಬಿಲ್ಲು ಹಿಡಿದು ಬರೀ ಮೈಯಲ್ಲಿ ಓಡಿದನಂತೆ. ಅವನ ಹೆಂಡತಿ ಗೂಟದ ಮೇಲಿದ್ದ, ಮಳೆಗೆ ತಲೆಯಿಂದ ಹೊದೆಯುವ ಕಂಬಳಿಕೊಪ್ಪೆ ತೆಗೆದುಕೊಂಡು ಹಿಂದೆಯೇ ಓಡಿದಳಂತೆ. ದನ ಉಳಿದಿದ್ದವು, ಅವನು ಉಳಿದಿರಲಿಲ್ಲ. ಕೊಪ್ಪೆಯನ್ನು ಹೆಣದ ಮೇಲೆ ಹೊದಿಸಬೇಕಾಯಿತು. ಅಂದಿನಿಂದ ಆ ಮನೆಗೆ ಸೊಸೆಯಾಗಿ ಬಂದವಳು ವರ್ಷವರ್ಷ ಮಳೆ ಹಿಡಿಯುವ ಮುಂಚೆ ಕಲ್ಲಿಗೆ ಎಣ್ಣೆ ಸವರಿ, ಗೂಟ ನೆಟ್ಟು, ಅಡಕೆ ಸೋಗೆ ಹೊದಿಸಿ, ಕಲ್ಲಿನ ತಲೆಗೆ ಒಂದು ಕಂಬಳಿಕೊಪ್ಪೆ ಹಾಕಿ ಬರಬೇಕು. ಮಳೆ ಮುಗಿದ ಮೇಲೆ ಅದನ್ನು ಬಿಚ್ಚಿ ತಂದು ಒಗೆದು ಅಟ್ಟದ ಮೇಲಿಡಬೇಕು. ಗಂಡಸರು ಸೋಗೆ ಹೊತ್ತು ತರಬಹುದು, ಹೊದಿಸುವ ಹಾಗಿಲ್ಲ. ಕೃಷ್ಣಮ್ಮನವರಿಗೆ ಇದನ್ನು ಕಲಿಸಿದವರು ಅತ್ತೆ ಜವರಮ್ಮ. ಮದುವೆಯಾಗಿ ಬಂದ ಮೊದಲ ವರ್ಷವೇ ಗುಡ್ಡ ಹತ್ತಿಸಿ, "ಗಂಡಂಗೆ ಗಂಜಿ ಕೊಡೋದು ಮರೆತ್ರೂ ಇದನ್ನ ಮರೀಬ್ಯಾಡ" ಎಂದಿದ್ದರಂತೆ. ಗಂಡ ತೀರಿಕೊಂಡು ಸೂತಕ ಕಳೆದ ಮರುದಿನವೂ ಕೃಷ್ಣಮ್ಮ ಸೋಗೆ ಹೊತ್ತು ಹೋದದ್ದನ್ನು ನಾನೇ ನೋಡಿದ್ದೇನೆ.

ಕಾರುಗಳು ಹೆಚ್ಚಾದ ಮೇಲೆ ಸೋಗೆ ನಿಲ್ಲುವುದು ಕಷ್ಟವಾಯಿತು. ಫೋಟೊಕ್ಕೆ ಅಡ್ಡ ಬರುತ್ತದೆಂದು ಒಬ್ಬ ಕಿತ್ತರೆ, ಚಳಿ ಎಂದು ಇನ್ನೊಬ್ಬ ಗೂಟಕ್ಕೇ ಬೆಂಕಿ ಹಾಕಿದ. ಕೃಷ್ಣಮ್ಮ ಮತ್ತೆ ಹೊದಿಸುತ್ತಿದ್ದರು. ಮಂಡಿ ನೋವು ಬೇರೆ. ಕೊನೆಗೆ ಗುಡ್ಡ ಅಭಿವೃದ್ಧಿ ಸಮಿತಿಯ ಅಧ್ಯಕ್ಷ ಮಲ್ಲಿಕಾರ್ಜುನಪ್ಪನವರ ಮನೆಗೆ ಹೋದರು. ಈ ಸಮಿತಿ ಹುಟ್ಟಿದ್ದೇ ಅಧ್ಯಕ್ಷರು ಹೋಂಸ್ಟೇ ತೆರೆದ ಮೇಲೆ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

"ನಮ್ ದೊಡ್ಡಯ್ಯಂಗೆ ಒಂದು ಗಟ್ಟಿ ಸೂರು ಮಾಡ್ಸಿಕೊಡಿ. ನಾನು ಹೋದ್ಮೇಲೂ ಅವ್ನು ನೆನೀಬಾರ್ದು."

"ಅದಕ್ಕೇನಂತೆ ಕೃಷ್ಣಕ್ಕ, ಮಾಡ್ಸಣ. ಆದ್ರೆ ಸಾಮಾನು ಸಾಗ್ಸಕ್ಕೆ ದಾರಿ ಬೇಕಲ್ಲ? ನಿಮ್ ತೋಟದ ಅಂಚು ಬಿಟ್ಕೊಟ್ರೆ ಜೀಪು ಮೇಲ್ತನಕ ಹೋಗ್ತದೆ."

ಕೃಷ್ಣಮ್ಮ ಬಿಟ್ಟುಕೊಟ್ಟರು. ಅತ್ತೆ ಕೈಯಾರೆ ನೆಟ್ಟಿದ್ದ ಕಾಫಿ ಗಿಡಗಳು ಬುಡಸಮೇತ ಹೋದವು. ಅಂಗೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಎಂದರೆ ಇದೇ. ಆದರೆ ಆಗ ನಮಗ್ಯಾರಿಗೂ ಹಾಗನ್ನಿಸಲಿಲ್ಲ. ಬೇಸಗೆಯಲ್ಲಿ ಕೆಲಸ ಮುಗಿಯಿತು. ಕಾಂಕ್ರೀಟು ಕಂಬ, ಹೆಂಚಿನ ಮಾಡು, ಕಲ್ಲುಬೆಂಚು, ನಡುವೆ ದೊಡ್ಡಯ್ಯ. ಉದ್ಘಾಟನೆಯ ದಿನ ಕೃಷ್ಣಮ್ಮನವರಿಗೆ ಶಾಲು ಹೊದಿಸಿ ಹಣ್ಣಿನ ತಟ್ಟೆ ಕೊಟ್ಟರು. ಅವರು ಮಾಡು ನೋಡುತ್ತ ಅತ್ತರು. ಆ ವರ್ಷ ಮೊದಲ ಬಾರಿಗೆ ಅವರು ಸೋಗೆ ಕಡಿಸಲಿಲ್ಲ.

ಮಳೆ ಹಿಡಿಯಿತು. ಮಂಜು ನೋಡುವವರು ಸಾಲುಗಟ್ಟಿ ಬಂದರು. ಸೋಗೆ ಇಲ್ಲದಿದ್ದರೂ ಕೊಪ್ಪೆ ಹಾಕುವ ಪದ್ಧತಿ ಬಿಡಬಾರದೆಂದು ಕೃಷ್ಣಮ್ಮ ಒಂದು ಬೆಳಿಗ್ಗೆ ಕಂಬಳಿ ಹಿಡಿದು ಹತ್ತಿದರು. ತಪ್ಪಿಸಿಕೊಂಡಿದ್ದ ಅವರದೇ ಒಂದು ದನ ಹುಡುಕುತ್ತ ನಾನೂ ಜೊತೆಗಿದ್ದೆ. ಮಾಡಿನ ಕೆಳಗೆ ಬಣ್ಣಬಣ್ಣದ ರೇನ್‌ಕೋಟಿನ ಜನ ಕಿಕ್ಕಿರಿದು ನಿಂತು ಮ್ಯಾಗಿ ತಿನ್ನುತ್ತಿದ್ದರು. ನಡುವೆ ಕಲ್ಲಿರಲಿಲ್ಲ. ಮೆಟ್ಟಿಲ ಪಕ್ಕ, ಹೊರಗೆ, ಹೆಂಚಿನ ನೀರು ದಬದಬ ಸುರಿಯುವ ಜಾಗದಲ್ಲಿ ದೊಡ್ಡಯ್ಯನನ್ನು ಸಿಮೆಂಟು ಹಾಕಿ ನಿಲ್ಲಿಸಿದ್ದರು.

ಕೃಷ್ಣಮ್ಮ ಕಂಬಳಿಯನ್ನು ಮತ್ತೆ ಮಡಿಸಿಕೊಂಡರು. ಆಮೇಲೆ ನೇರ ಮಲ್ಲಿಕಾರ್ಜುನಪ್ಪನವರ ಹೋಂಸ್ಟೇಗೆ ನಡೆದರು, ನಾನೂ ಹಿಂದೆಯೇ ಹೋದೆ.

"ಜನ ನಿಲ್ಲಕ್ಕೆ ಜಾಗ ಸಾಲ್ದೆ ಹೋಯ್ತು ಕೃಷ್ಣಕ್ಕ. ಮಳೇಲಿ ನೆಂದ್ರೆ ಜನಕ್ಕೆ ಜ್ವರ ಬರ್ತದೆ, ಕಲ್ಲಿಗೇನು ನೆಗಡಿ ಆಗ್ತದಾ?" ಎಂದು ಅವರು ನಕ್ಕರು. "ಎಷ್ಟು ಕಾಲದಿಂದ ನೆಂದಿರೋ ಕಲ್ಲು ಅದು."

"ನೆಂದಿಲ್ಲ" ಎಂದರು ಕೃಷ್ಣಮ್ಮ. "ನಮ್ಮನೆ ಹೆಂಗಸ್ರು ನೆನೆಯಕ್ಕೆ ಬಿಟ್ಟಿಲ್ಲ."

ಅದಕ್ಕೆ ಅಧ್ಯಕ್ಷರು ಕಾಫಿ ತರಿಸಿದರು. ಕೃಷ್ಣಮ್ಮ ಕುಡಿಯಲಿಲ್ಲ. ಉಂಡೂ ಹೋದ, ಕೊಂಡೂ ಹೋದ ಎನ್ನುವ ಗಾದೆಯನ್ನು ಇಂಥವರಿಗಾಗಿಯೇ ಕಟ್ಟಿದ್ದು. ದಾರಿ ತೆಗೆದುಕೊಂಡರು, ಸೂರು ತೆಗೆದುಕೊಂಡರು, ಮೇಲೆ ಒಂದು ನಗು. ನನಗೆ ಈಗಲೂ ಆ ನಗು ನೆನೆದರೆ ಮೈ ಉರಿಯುತ್ತದೆ.

ಕೃಷ್ಣಮ್ಮ ವಾಪಸು ಹೋಗಿ ಕೊಪ್ಪೆಯನ್ನು ಕಲ್ಲಿನ ತಲೆಗೆ ಹಾಕಿ ಬಳ್ಳಿಯಲ್ಲಿ ಬಿಗಿದು ಬಂದರು. ಸಿಮೆಂಟು ನೆಲದಲ್ಲಿ ಗೂಟ ನೆಡಲಾಗುವುದಿಲ್ಲವಲ್ಲ. ಭಾನುವಾರ ಮತ್ತೆ ನೋಡಲು ಹೋದಾಗ ಕೊಪ್ಪೆ ಒಬ್ಬ ಹುಡುಗಿಯ ತಲೆಯ ಮೇಲಿತ್ತು. ಜೊತೆಯವರು ಸರದಿಯಲ್ಲಿ ಅದನ್ನು ಹೊದ್ದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಬಯ್ಯೋಣವೆಂದರೆ ಆ ಹುಡುಗಿಯಲ್ಲಿ ಕೆಟ್ಟತನವೂ ಇರಲಿಲ್ಲ.

"ಆಂಟಿ, ಇದು ನಿಮ್ದಾ? ಸೂಪರ್ ಆಗಿದೆ. ಬನ್ನಿ, ನೀವೂ ನಿಂತ್ಕೊಳ್ಳಿ."

"ಅದು ಅವನ್ದು, ಮಗಾ" ಎಂದು ಕೃಷ್ಣಮ್ಮ ಕಲ್ಲು ತೋರಿಸಿದರು. ಹುಡುಗಿಗೆ ಅರ್ಥವಾಗಲಿಲ್ಲ, ಆದರೂ ಮರ್ಯಾದೆಯಿಂದ ಮಡಿಸಿ ಕೊಟ್ಟಳು. ಕೃಷ್ಣಮ್ಮ ಅದನ್ನು ಕಲ್ಲಿಗೆ ಹಾಕಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು, ತಾವೂ ನೆನೆಯುತ್ತ ಇಳಿದು ಬಂದರು. ಅದಾದ ಮೇಲೆ ಅವರು ಗುಡ್ಡ ಹತ್ತಿಲ್ಲ.

ಮೊನ್ನೆ ಜೋರು ಮಳೆಯಲ್ಲಿ ಅವರ ಜಗಲಿಯಲ್ಲಿ ಕೂತಿದ್ದೆ. ಒಂದು ಕಾರು ನಿಂತಿತು. ವಯಸ್ಸಾದ ಗಂಡಹೆಂಡತಿ. ಆತ ಗಾಜು ಇಳಿಸಿ, ಇಲ್ಲೊಂದು ಒಳ್ಳೆಯ ವೀರಗಲ್ಲು ಇದೆಯಂತೆ, ಅದನ್ನೇ ನೋಡೋಣವೆಂದು ಗೋಣಿಬೀಡಿನಿಂದ ಕೇಳಿಕೊಂಡು ಬಂದೆವು ಎಂದರು. ಇಷ್ಟು ವರ್ಷದಲ್ಲಿ ಮಂಜು ಕೇಳದೆ ಕಲ್ಲು ಕೇಳಿದವರು ಅವರೇ ಮೊದಲು.

"ಇಲ್ಲ" ಎಂದರು ಕೃಷ್ಣಮ್ಮ. "ಇಲ್ಲಿ ಅಂಥದ್ದೇನೂ ಇಲ್ಲ."

ಕಾರು ತಿರುಗಿಸಿಕೊಂಡು ಹೋಯಿತು. ನನಗೆ ತಡೆಯಲಾಗಲಿಲ್ಲ. "ಯಾಕೆ ಕೃಷ್ಣಕ್ಕ ಹಂಗಂದ್ರಿ? ಪಾಪ, ದೊಡ್ಡಯ್ಯನ್ನೇ ಹುಡುಕ್ಕೊಂಡು ಬಂದಿದ್ರು" ಎಂದೆ.

ಅವರು ಮಳೆ ಸುರಿಯುವ ಗುಡ್ಡದ ಕಡೆ ನೋಡಲಿಲ್ಲ.

"ಮನೆ ಯಜಮಾನ ಅಂಗಳದಲ್ಲಿ ನೆಂದ್ಕೊಂಡು ನಿಂತಿರೋದನ್ನ ಬಂದೋರಿಗೆಲ್ಲ ಕರ್ದು ತೋರ್ಸ್ಬೇಕಾ ಮಾರಾಯ?"