ವೆಳ್ಳಕೋಯಿಲಿನಿಂದ ಬರುತ್ತಿದ್ದ ಸೋಲು

ಒಂದು ಕಾಲದಲ್ಲಿ ನಾನು ಅಂಚೆ ಕಾರ್ಡಿಗೆ ಹೆದರುತ್ತಿದ್ದೆ ಎಂದರೆ ನೀವು ನಗಬಹುದು. ನಗಿ. ತಂತಿ ಬಂದರೆ ಹೆದರುವುದು ಲೋಕರೂಢಿ. ಆ ದಿನಗಳಲ್ಲಿ ತಂತಿ ಎಂದರೆ ಯಾರೋ ಹೋದರು ಎಂದೇ ಅರ್ಥ. ಆದರೆ ನಾಲ್ಕು ಸಾಲಿನ ಒಂದು ಬಡ ಕಾರ್ಡು ಬರುವ ಹೊತ್ತಿಗೆ, ಮೂವತ್ತಾರು ವರ್ಷದ ಗಂಡಸೊಬ್ಬ ಬಾಗಿಲ ಹಿಂದೆ ಅಡಗಿ ನಿಲ್ಲುತ್ತಿದ್ದ. ಆ ಗಂಡಸು ನಾನೇ.

ಎಂಬತ್ತರ ದಶಕದ ನಡುವಿನ ಮಾತು. ಚಾಮರಾಜನಗರದ ಕಡೆಯಿಂದ ಬಂದು ಕೋಯಮುತ್ತೂರಿನ ಕುರಿಚಿಯ ಒಂದು ಎರಕದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಪಂಪಿನ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಬಿರುಕು ಇದೆಯೋ ಇಲ್ಲವೋ ಹೇಳುವುದು ನನ್ನ ಕೆಲಸ. ಮನೆ ಉಕ್ಕಡದ ಕೆರೆಯ ಹತ್ತಿರ. ತಮಿಳು ಅರ್ಧಂಬರ್ಧ, ಸ್ನೇಹಿತರು ಅದಕ್ಕಿಂತ ಕಡಿಮೆ. ಊರಿನಲ್ಲಿ ಚದುರಂಗದಲ್ಲಿ ನನ್ನನ್ನು ಸೋಲಿಸುವವರಿಲ್ಲ ಎಂಬ ಒಂದು ಹೆಮ್ಮೆ ಮಾತ್ರ ಟ್ರಂಕಿನಲ್ಲಿ ಬಟ್ಟೆಗಳ ಜೊತೆ ಬಂದಿತ್ತು. ಅದನ್ನು ಗಾಳಿಗೆ ಹಾಕಬೇಕಲ್ಲ? ಒಂದು ತಮಿಳು ವಾರಪತ್ರಿಕೆಯ ಪತ್ರಮಿತ್ರರ ಅಂಕಣಕ್ಕೆ, ಅಂಚೆಯಲ್ಲಿ ಚದುರಂಗ ಆಡುವ ಕನ್ನಡ ಬಲ್ಲವರು ಬೇಕೆಂದು ಜೊತೆ ಕೆಲಸದವನ ಕೈಲಿ ಬರೆಸಿ ಕಳಿಸಿದೆ.

ಬಂದದ್ದು ಒಂದೇ ಉತ್ತರ. ಕೋಯಮುತ್ತೂರಿನ ಪೂರ್ವಕ್ಕಿರುವ ವೆಳ್ಳಕೋಯಿಲ್ ಎಂಬ ಊರಿನ ನಂಜಪ್ಪಣ್ಣನದು. ಹೊಲ ಮಗನಿಗೆ ಬಿಟ್ಟು, ಸಂತೆಬೀದಿಯಲ್ಲಿ ಹಗ್ಗದಂಗಡಿ ಇಟ್ಟಿದ್ದ ಅರವತ್ತರ ಆಸುಪಾಸಿನ ರೈತ. ಎಷ್ಟೋ ತಲೆಮಾರಿನ ಹಿಂದೆ ಬಂದು ನೆಲೆಸಿದ ಕನ್ನಡದ ಮನೆ. ಮಾತು ಉಳಿದಿತ್ತು, ಅಕ್ಷರ ಉಳಿದಿರಲಿಲ್ಲ. ಹಾಗಾಗಿ ಅವರು ಕನ್ನಡವನ್ನು ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದರು. ಅವರಿಗೆ ಉತ್ತರ ಕೊಡಲೆಂದೇ ನಾನು ತಮಿಳು ಅಕ್ಷರ ಕಲಿತೆ. ಆ ಲಿಪಿಯಲ್ಲಿ ಕಕಾರಕ್ಕೂ ಗಕಾರಕ್ಕೂ ಒಂದೇ ಅಕ್ಷರವೆಂಬುದು ಪಂಡಿತರಿಗೆ ಎಂದಿನಿಂದಲೋ ಗೊತ್ತು. ನನಗೆ ಗೊತ್ತಾದದ್ದು ‘ನಿಮ್ಮ ಕುರಿ ನನಗೆ ತಿಳಿಯಿತು’ ಎಂಬ ಸಾಲನ್ನು ಓದಿ, ನಾನು ಯಾವಾಗ ಕುರಿ ಸಾಕಿದೆ ಎಂದು ಅರ್ಧ ದಿನ ಯೋಚಿಸಿದ ಮೇಲೆ. ಅವರು ಹೇಳಿದ್ದು ಗುರಿ. ನನ್ನ ಗುರಿ ಅವರಿಗೆ ಪ್ರತಿ ಸಲವೂ ತಿಳಿಯುತ್ತಿತ್ತು, ಅದೇ ಕಷ್ಟ.

ಹಲಗೆಯ ಮನೆಗಳಿಗೆ ಒಂದರಿಂದ ಅರವತ್ತನಾಲ್ಕರವರೆಗೆ ಸಂಖ್ಯೆ ಕೊಟ್ಟುಕೊಂಡಿದ್ದೆವು. ಒಂದೊಂದು ಕಾರ್ಡಿನಲ್ಲಿ ಮೂರು ಮೂರು ಆಟ ಒಟ್ಟಿಗೆ ನಡೆಯುತ್ತಿದ್ದವು. ಮೊದಲ ಎರಡು ಆಟ ಗೆದ್ದೆ. ಆಮೇಲೆ ಸೋಲತೊಡಗಿದೆ. ಮೂರು ಸೋತಾಗ ಗ್ರಹಚಾರ ಎಂದೆ. ಆರು ಸೋತಾಗ ಹಲಗೆ ಇಡುವ ದಿಕ್ಕು ಬದಲಿಸಿದೆ. ಒಂಬತ್ತು ದಾಟಿದ ಮೇಲೆ ಹೆದರಿಕೆ ಶುರುವಾಯಿತು.

ಎದುರು ಕೂತು ಸೋತರೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಎದ್ದು ಕಾಫಿ ಕುಡಿಯಬಹುದು. ಅಂಚೆಯ ಸೋಲು ಹಾಗಲ್ಲ. ಸೋಲುವುದು ಗೊತ್ತಾಗಿ ಆರು ವಾರ ಆಗಿರುತ್ತದೆ, ಇನ್ನೂ ಸೋತಿರುವುದಿಲ್ಲ. ಚದುರಂಗದಲ್ಲಿ ಅರಸನನ್ನು ಯಾರೂ ಕೊಲ್ಲುವುದಿಲ್ಲ, ನೋಡಿ. ಕೊಲ್ಲುವುದಕ್ಕೆ ಒಂದು ಹೆಜ್ಜೆ ಮುಂಚೆ ಆಟ ನಿಲ್ಲಿಸಿಬಿಡುತ್ತಾರೆ. ಅದು ದಯೆ ಎಂದು ಮೊದಲು ತಿಳಿದಿದ್ದೆ. ಭಯವೆಲ್ಲ ಇರುವುದು ಆ ಒಂದು ಹೆಜ್ಜೆಯಲ್ಲೇ. ನಾನು ಅಲ್ಲಿ ತಿಂಗಳುಗಟ್ಟಲೆ ವಾಸ ಮಾಡಿದೆ.

ಜೊತೆಗೆ ಕಾರ್ಡೆಂದರೆ ಊರಿಗೆಲ್ಲ ತೆರೆದದ್ದು. ಅಂಚೆಯ ಆರುಮುಗಂ ಸೈಕಲ್ಲಿನ ಮೇಲೆ ಕೂತೇ ಓದಿಕೊಂಡು ಬರುತ್ತಿದ್ದ. ಕನ್ನಡ ಬಾರದಿದ್ದರೂ ಅಕ್ಷರ ಅವನದೇ ಅಲ್ಲವೇ? “ಸಾರ್, ಇಂದ ವಾಟ್ಟಿಯುಂ ಪೋಚ್ಚಾ?” ಎಂದು ಬೀದಿಗೆಲ್ಲ ಕೇಳುವಂತೆ ವಿಚಾರಿಸುತ್ತಿದ್ದ. ಈ ಸಲವೂ ಹೋಯಿತೇ, ಎಂದು. ಹೋಗಿರುತ್ತಿತ್ತು.

ಇನ್ನೊಂದು ವಿಷಯ ನನ್ನನ್ನು ಕೆಣಕುತ್ತಿತ್ತು. ನಂಜಪ್ಪಣ್ಣನ ಅಕ್ಷರ ತಿಂಗಳಿಂದ ತಿಂಗಳಿಗೆ ದಪ್ಪವಾಗುತ್ತಿತ್ತು. ಮೊದಲು ಸಾಸಿವೆಯಂತಿದ್ದದ್ದು ಕಡಲೆಯಾಯಿತು, ಆಮೇಲೆ ಗೋಲಿಯಾಯಿತು. ಗೆಲುವು ತಲೆಗೇರಿದೆ, ಎಂದುಕೊಂಡೆ.

ಭಯಕ್ಕೆ ಹಲಗೆಯ ಅಂಚು ಗೊತ್ತಿರುವುದಿಲ್ಲ. ಅದು ಕಾರ್ಖಾನೆಗೂ ಬಂತು. ಕೆಲಸಕ್ಕೆ ಸೇರಿದ ದಿನದಿಂದ ಒಂದೇ ಏಟಿಗೆ ಬಿರುಕು ಹೇಳುತ್ತಿದ್ದ ಕಿವಿಯ ಮೇಲೆ ನಂಬಿಕೆ ಹೋಯಿತು. ಹಲಗೆಯ ಮೇಲಿನ ಕುದುರೆಯನ್ನೇ ಕಾಣದವನಿಗೆ ಇಲ್ಲಿ ಬಿರುಕು ಕೇಳಿಸುತ್ತದೆಯೇ? ನಾನು ಸರಿ ಎಂದು ಬಿಟ್ಟದ್ದು ಯಾರದೋ ಬಾವಿಯ ಬಳಿ ಸಿಡಿದರೆ? ಒಂದೊಂದನ್ನೂ ನಾಲ್ಕು ಸಲ ತಟ್ಟತೊಡಗಿದೆ. ರಾಶಿ ಬೆಳೆಯಿತು. ಮೇಸ್ತ್ರಿ ಬಂದು ನಿಂತು, “ಎನ್ನ ಸಾರ್, ಕೋಯಿಲ್ ಮಣಿ ಅಡಿಕ್ಕಿರೀಂಗಳಾ?” ಎಂದ. ದೇವಸ್ಥಾನದ ಗಂಟೆ ಬಾರಿಸುತ್ತಿದ್ದೀರಾ, ಎಂದು. ಎಲ್ಲರೂ ನಕ್ಕರು. ನಾನು ಐದನೆಯ ಸಲ ತಟ್ಟಿದೆ.

ಹನ್ನೊಂದನೆಯ ಸೋಲಾದ ಮೇಲೆ ಹಲಗೆಯನ್ನು ಅಟ್ಟಕ್ಕೆ ಹಾಕಿದೆ. “ಈ ಆಟ ಬೇಸರ ಬಂತು,” ಎಂದು ಹೆಂಡತಿ ಸರೋಜಳಿಗೆ ಹೇಳಿದೆ.

ಅವಳು ಅವರೆಕಾಯಿ ಸುಲಿಯುತ್ತ, “ಅದು ಬೇಸರ ಅಲ್ಲ ಕಣ್ರೀ. ಬೇಸರ ಬಂದೋರು ಬಾಗ್ಲಿಂದೆ ನಿಂತ್ಕೊಳಲ್ಲ,” ಎಂದಳು.

ಇಂಥ ಹೊತ್ತಿನಲ್ಲಿ ಗಂಡಸರು ಮಾಡುವುದನ್ನೇ ಮಾಡಿದೆ, ಪೇಟೆಗೆ ಹೋಗಿಬಂದೆ.

ಆಮೇಲೆ ಬಂದ ಮೂರು ಕಾರ್ಡುಗಳನ್ನು ಓದಲಿಲ್ಲ. ಆರುಮುಗಂ ಬರುವಾಗ ಸರೋಜಳನ್ನು ಮುಂದೆ ಬಿಟ್ಟು, ಅವಳು ತಂದದ್ದನ್ನು ಮಗುಚಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಅವಳಿಗೆ ತಮಿಳು ಅಕ್ಷರ ಬಾರದು. ನಾಲ್ಕನೆಯದು ಬರಲಿಲ್ಲ. ಐದು ವಾರ ಏನೂ ಬರಲಿಲ್ಲ. ಬರುವ ಕಾರ್ಡಿಗೆ ಹೆದರುತ್ತಿದ್ದವನು ಈಗ ಬಾರದ ಕಾರ್ಡಿಗೆ ಹೆದರಿದೆ. ಕೊನೆಗೆ ಒಂದು ಶನಿವಾರ ಸಂಜೆ ಡಬ್ಬಿ ತೆಗೆದೆ.

ಮೊದಲನೆಯದರಲ್ಲಿ ಆಟದ ನಡೆ ಇತ್ತು. ಎರಡನೆಯದರಲ್ಲಿ, ಮೈಗೆ ಹುಷಾರಿಲ್ಲವೇ ಎಂಬ ಪ್ರಶ್ನೆ. ಮೂರನೆಯದರ ಅಕ್ಷರ ಎಷ್ಟು ದಪ್ಪವೆಂದರೆ ಕಾರ್ಡಿನ ತುಂಬ ಮೂರೇ ಸಾಲು ಹಿಡಿಸಿತ್ತು. ‘ಎರಡು ಕಣ್ಣಿಗೂ ಪೊರೆ. ಆಪರೇಷನ್ ಅಂದರು. ಭಯವಾಗುತ್ತದೆ, ಒಂದು ಕಾರ್ಡು ಹಾಕಿ.’

ಗೋಲಿಯಂಥ ಅಕ್ಷರದ ಅರ್ಥ ನನಗೆ ಆಗ ತಿಳಿಯಿತು. ಸರೋಜಳಿಗೆ ಓದಿ ಹೇಳಿದೆ. “ನಾಳೆ ಮೊದಲ್ನೇ ಬಸ್ಸಿಗೆ ಹೋಗಿ,” ಎಂದಳು.

ಕಾಂಗೇಯದಲ್ಲಿ ಬಸ್ಸು ಬದಲಿಸುವಾಗ ಬಂದ ಮೊದಲ ಬಸ್ಸನ್ನು ಹೋಗಲು ಬಿಟ್ಟೆ. ಆಪರೇಷನ್ ಕೆಟ್ಟಿರಬಹುದು. ಮನುಷ್ಯನೇ ಇಲ್ಲದಿರಬಹುದು. ಅಂಗಡಿಯ ಮುಂದೆ ಮಗ ನಿಂತು ‘ನೀವು ಯಾರು’ ಎಂದರೆ ಏನು ಹೇಳಲಿ? ನಿಮ್ಮ ತಂದೆಯ ಕಾರ್ಡು ಓದದೆ ಡಬ್ಬಿಗೆ ಹಾಕಿದವನು ಎಂದೇ?

ನನ್ನ ಮನಸ್ಸಿನ ನಂಜಪ್ಪಣ್ಣ ಆರಡಿ ಎತ್ತರ, ಗಿರಿಜಾ ಮೀಸೆ. ವೆಳ್ಳಕೋಯಿಲಿನ ಹಗ್ಗದಂಗಡಿಯಲ್ಲಿ ಕೂತಿದ್ದವರು ಮೋಟು ಆಳು. ಹೆಬ್ಬೆರಳ ಗಾತ್ರದ ಹಗ್ಗವನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದರು.

“ಯಾರುದು?”

“ಉಕ್ಕಡದವನು. ಚದುರಂಗ…”

ಹಗ್ಗ ಕೆಳಗೆ ಬಿತ್ತು. ಅವರ ಕೈ ಗಾಳಿಯಲ್ಲಿ ನನ್ನ ಕೈಯನ್ನು ಹುಡುಕಿ ಹಿಡಿಯಿತು. “ತಂಬಿ! ಉಸುರಾಗಿ ಇದ್ದೀರಾ? ನಾನು ಏನೇನೋ ನೆನೆಸ್ಕೊಂಡ್ಬುಟ್ಟೆ.”

ನಾನು ಸತ್ತೆನೆಂದು ಅವರೂ ಹೆದರಿದ್ದರು. ಎಲ್ಲ ಹೇಳಿಬಿಟ್ಟೆ. ಕಾರ್ಡಿಗೆ ಹೆದರಿದ್ದು, ಡಬ್ಬಿ, ಸುತ್ತಿಗೆ, ಎಲ್ಲ.

“ಸೋಲಕ್ಕಾ ಪಯ?” ಎಂದು ಅವರು ಬೆರಗಾದರು. ಭಯ ಅವರ ಬಾಯಲ್ಲಿ ಪಯವಾಗಿತ್ತು. “ಸೋತರ ಯಾರೂ ಸಾಯಲ್ಲ ತಂಬಿ. ಕಣ್ಣೊಳಗ ಕತ್ತಿ ಹಾಕಿದ್ರ?” ದನಿ ತಗ್ಗಿಸಿದರು. “ಮಗ ಎರಡು ಸಲ ಕೋಯಮುತ್ತೂರು ಆಸ್ಪತ್ರಿಗ ಕರಕೊಂಡೋದ. ಎರಡು ಸಲವೂ ಬಾಗಿಲಲ್ಲೇ ತಿರುಗಿ ಬಸ್ ಹತ್ತಿಬುಟ್ಟೆ. ಸಂತೆಗ ಹೊತ್ತಾಯ್ತು, ಅಂಗಡಿ ಕೆಲಸ ಅದ ಅಂತ ಅವನಿಗೆ ಪೊಯ್ಯಿ, ಸುಳ್ಳು ಹೇಳ್ದೆ.”

“ಮಗನಿಗೆ ನಿಜ ಹೇಳಬಹುದಿತ್ತಲ್ಲ?”

“ಮಗನ ಮುಂದ ಪಯಪಡಕ್ಕಾಗ್ತದಾ? ನಿಮ್ಮ ಮುಂದ ಆಗ್ತದ. ನೀವು ಹನ್ನೊಂದು ಸಲ ನನ್ನ ಮುಂದ ಸೋತೋರು.”

ಇಂಥ ಪ್ರಶಸ್ತಿಪತ್ರ ನನಗೆ ಮೊದಲೂ ಸಿಕ್ಕಿರಲಿಲ್ಲ, ಆಮೇಲೂ ಸಿಕ್ಕಿಲ್ಲ.

ಮುಂದಿನ ವಾರ ಮಗ ಅವರನ್ನು ನಮ್ಮ ಮನೆಗೆ ಕರೆತಂದು ಬಿಟ್ಟ. ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಬಾಗಿಲಲ್ಲಿ ಅವರು ನಿಂತರು, ನಾನೂ ನಿಂತೆ. “ನಿಮಗೂ ಪಯವಾ?” ಎಂದರು. “ತುಂಬಾ,” ಎಂದೆ. ಅದು ಸಮಾಧಾನದ ಮಾತಾಗಿರಲಿಲ್ಲ, ನಿಜವೇ ಆಗಿತ್ತು. ಆದರೂ ಅವರ ಕಾಲು ಮುಂದೆ ಬಂತು.

ಆಪರೇಷನ್ ಆದ ಮೇಲೆ ಎರಡು ಕಣ್ಣಿಗೂ ಕಟ್ಟು, ತಲೆಯ ಎರಡೂ ಕಡೆ ಮರಳಿನ ಚೀಲ. ಅಲುಗಾಡಿದರೆ ಕಣ್ಣು ಹೋದೀತು ಎಂದು ಡಾಕ್ಟರು ಹೇಳಿ ಹೋದರು. ನಂಜಪ್ಪಣ್ಣನ ಬೆರಳುಗಳು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದವು. “ತಂಬಿ, ಹದಿಮೂರಿಂದ ಇಪ್ಪತ್ತೊಂಬತ್ತು,” ಎಂದರು.

ಹಲಗೆಯಿಲ್ಲ, ಕಾಯಿಗಳಿಲ್ಲ. ನಾನೂ ಕಣ್ಣು ಮುಚ್ಚಿದೆ. ನಡೆ ಹೇಳಿದೆ. ಅವರು ಹೇಳಿದರು. ಹಿಡಿತ ಒಂದೊಂದೇ ಬೆರಳಿನಿಂದ ಸಡಿಲವಾಯಿತು. ಹದಿನೆಂಟನೆಯ ನಡೆಗೆ ನನ್ನ ಅರಸ ಸಿಕ್ಕಿಬಿದ್ದ. ನಗುವುದಕ್ಕೆ ಅವರಿಗೆ ಅಪ್ಪಣೆ ಇರಲಿಲ್ಲ. ಹೊದಿಕೆಯಾಚೆ ಕಾಲಿನ ಬೆರಳುಗಳು ಮಾತ್ರ ಕುಣಿದವು. ಅದೇಕೋ ಆ ಹನ್ನೆರಡನೆಯ ಸೋಲು ನನ್ನ ಹೊಟ್ಟೆಯವರೆಗೆ ಇಳಿಯಲಿಲ್ಲ.

ಎರಡು ತಿಂಗಳಲ್ಲಿ ಕಾರ್ಡು ಮತ್ತೆ ಶುರುವಾಯಿತು. ಅಕ್ಷರ ಸಾಸಿವೆಗೆ ತಿರುಗಿತ್ತು. ಸುತ್ತಿಗೆ ಬಹುಪಾಲು ದಿನ ಒಂದೇ ಸಲ ತಟ್ಟುತ್ತಿತ್ತು. ಭಯ ಹೋಯಿತೆಂದು ಮಾತ್ರ ಹೇಳಲಾರೆ. ಇನ್ನೂ ನಾಲ್ಕು ಆಟ ಸೋತೆ, ನಾಲ್ಕಕ್ಕೂ ಮುಂಚೆ ಹೆದರಿದೆ.

ಐದನೆಯದರಲ್ಲಿ ಒಂದು ಸಂಜೆ ಹಲಗೆ ನೋಡುತ್ತ ಇದ್ದಕ್ಕಿದ್ದಂತೆ ಕಂಡಿತು: ಇನ್ನು ಎರಡೇ ನಡೆ, ನಾನು ಗೆಲ್ಲುತ್ತೇನೆ. ಮೂರು ಸಲ ಪರೀಕ್ಷಿಸಿದೆ. ಸಂದೇಹವೇ ಇಲ್ಲ. ಕಾರ್ಡು ತೆಗೆದು, ಪೆನ್ನು ಹಿಡಿದು, ಹಾಗೇ ಕೂತುಬಿಟ್ಟೆ. ಸರೋಜ ಬಂದು, “ಮತ್ತೆ ಸೋತ್ರಾ?” ಎಂದಳು.

“ಇಲ್ಲ, ಗೆದ್ದೆ. ಪಾಪ, ಅವರು ಹೆದರಿಕೊಂಡರೆ?”

ನಡೆಯನ್ನು ಎಷ್ಟು ಸಣ್ಣಕ್ಷರದಲ್ಲಿ ಸಾಧ್ಯವೋ ಅಷ್ಟು ಸಣ್ಣದಾಗಿ ಬರೆದೆ. ಉಳಿದ ಜಾಗದಲ್ಲೆಲ್ಲ ಅವರ ಮನೆಯವರ ಕ್ಷೇಮ ವಿಚಾರಿಸಿದೆ.